ದೇವನಹಳ್ಳಿಯಲ್ಲಿ ಒಂದು ಲೋಟ ಕಾಫಿ, ಒಂದು ತುಂಡು ಮೈಸೂರು ಪಾಕು

ರೈಲಿನಲ್ಲಿ ಓಡಾಡಿದವರಿಗೆ ಊರುಗಳು ನಾಲಿಗೆಯಿಂದಲೇ ಗೊತ್ತಾಗುತ್ತಿದ್ದವು. ಮದ್ದೂರು ಬಂತೆಂದು ತಿಳಿಯಲು ಬೋರ್ಡು ಓದಬೇಕಿರಲಿಲ್ಲ, ಬುಟ್ಟಿಯಲ್ಲಿ ಬರುತ್ತಿದ್ದ ವಡೆಯ ವಾಸನೆಯೇ ಸಾಕಿತ್ತು. ಧಾರವಾಡದಿಂದ ಪೇಡೆಯ ಪೊಟ್ಟಣವಿಲ್ಲದೆ ಬರಿಗೈಯಲ್ಲಿ ಮನೆಗೆ ಹೋದವನು ಹೆಂಡತಿ ಮಕ್ಕಳಿಂದ ಮಾತು ಕೇಳಬೇಕಾಗುತ್ತಿತ್ತು. ವಿಮಾನ ನಿಲ್ದಾಣಗಳಿಗೆ ಇಂಥ ಊರಿನ ರುಚಿ ಇಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ದೂರು. ಎಲ್ಲಿ ಹೋದರೂ ಅದೇ ಗಾಜಿನ ಗೋಡೆ, ಅದೇ ನುಣುಪು ನೆಲ, ಎರಡು ಬ್ರೆಡ್ಡಿನ ನಡುವೆ ಅದೇ ತಣ್ಣಗಿನ ಸೊಪ್ಪು. ದೂರು ಪೂರ್ತಿ ಸುಳ್ಳಲ್ಲ. ಆದರೆ ದೇವನಹಳ್ಳಿಯ ನಮ್ಮ ಕೆಂಪೇಗೌಡ ನಿಲ್ದಾಣದ ಮಟ್ಟಿಗೆ, ಸ್ವಲ್ಪ ಕಣ್ಣು ತೆರೆದು ನೋಡಿದರೆ, ಈ ನೆಲದ ರುಚಿ ಇನ್ನೂ ಸಿಗುತ್ತದೆ. ಒಂದು ಲೋಟ ಫಿಲ್ಟರ್ ಕಾಫಿ, ಪಕ್ಕದಲ್ಲಿ ಒಂದು ತುಂಡು ಮೈಸೂರು ಪಾಕು. ಇವೆರಡನ್ನೂ ವಿಮಾನ ಹತ್ತುವ ಮುಂಚೆಯೇ ತಿಂದು ಕುಡಿದು ಮುಗಿಸಬೇಕು ಎನ್ನುವುದಕ್ಕೆ ನನ್ನಂಥ ವಿಜ್ಞಾನದ ಮೇಷ್ಟ್ರ ಬಳಿ ಒಂದೆರಡು ಕಾರಣಗಳಿವೆ. ಅವನ್ನು ಆಮೇಲೆ ಹೇಳುತ್ತೇನೆ.

ನಮ್ಮ ತಲೆಮಾರಿನವರಿಗೆ ದೇವನಹಳ್ಳಿ ಎಂದರೆ ಟಿಪ್ಪು ಹುಟ್ಟಿದ ಊರು, ಹಳೆಯ ಕೋಟೆ ಮತ್ತು ತಲೆಯಷ್ಟು ದಪ್ಪದ ಚಕ್ಕೋತ ಹಣ್ಣು. ಬೆಂಗಳೂರಿನ ವಿಮಾನಗಳೆಲ್ಲ ಆಗ ಹಳೆಯ ಎಚ್.ಎ.ಎಲ್. ನಿಲ್ದಾಣದಿಂದಲೇ ಏರುತ್ತಿದ್ದವು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಕೆಲಸ ಆರಂಭಿಸಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರಾಯಿತು. 2022ರ ನವೆಂಬರ್ 11ರಂದು ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆಯ ಅನಾವರಣವೂ ಅದೇ ದಿನ. ಆ ಹೊಸ ಟರ್ಮಿನಲ್ಲಿನ ಒಳಗೆ ಬಿದಿರಿನ ಛಾವಣಿ, ಮೇಲಿನಿಂದ ಇಳಿಬಿಟ್ಟ ಗಿಡಬಳ್ಳಿಗಳು. ಮಲೆನಾಡಿನಿಂದ ಹೋದ ನಮಗೆ ಬಿದಿರು, ಬಳ್ಳಿ ಹೊಸತೇನಲ್ಲ. ಆದರೂ ಅಷ್ಟೆತ್ತರದಲ್ಲಿ ಅಷ್ಟು ಅಚ್ಚುಕಟ್ಟಾಗಿ ತೂಗಿಬಿಟ್ಟದ್ದನ್ನು ನೋಡಲು ಚೆಂದವೇ.

ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸು ಹಿಡಿದರೆ ಹೆಬ್ಬಾಳ, ಯಲಹಂಕದ ದಾರಿಯಾಗಿ ನಿಲ್ದಾಣ ತಲುಪುತ್ತದೆ. ಸುಮಾರು 35 ಕಿಲೋಮೀಟರು. ಬೆಳಗಿನ ಜಾವ ಮುಕ್ಕಾಲು ಗಂಟೆಯ ದಾರಿ, ಸಂಜೆಯಾದರೆ ದೇವರೇ ಗತಿ. ಊರಿನಿಂದ ಬರುವವರು ಈ ಭಯಕ್ಕೇ ಮೂರು ನಾಲ್ಕು ಗಂಟೆ ಮೊದಲೇ ಬಂದು ಕೂರುತ್ತಾರೆ. ಕಾಫಿ ತಿಂಡಿಗೆ ಬಿಡುವು ಸಿಗುವುದು ಈ ಕಾರಣದಿಂದಲೇ.

ಇಲ್ಲಿ ಒಂದು ನಿಯಮವನ್ನು ಹೇಳಬೇಕು. ಟಿಕೆಟ್ಟು ಮತ್ತು ಗುರುತಿನ ಚೀಟಿ ಇದ್ದವರಿಗೆ ಮಾತ್ರ ಕಟ್ಟಡದ ಒಳಗೆ ಪ್ರವೇಶ. ಬೀಳ್ಕೊಡಲು ಬಂದವರು ಬಾಗಿಲಲ್ಲೇ ನಿಲ್ಲಬೇಕು. ರೈಲಿನ ಕಿಟಕಿಯ ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡುವ ಅವಕಾಶ ಇಲ್ಲಿಲ್ಲ. ಹಾಗಾಗಿ ಬಾಗಿಲ ಹೊರಗಿನ ತಿಂಡಿಯಂಗಡಿಗಳ ಸಾಲೇ ಈ ನಿಲ್ದಾಣದ ನಿಜವಾದ ಪ್ಲಾಟ್‌ಫಾರಂ. ನೀವು ಅಲ್ಲಿ ಒಂದರ್ಧ ಗಂಟೆ ಕುಳಿತು ನೋಡಿ. ಅಮೆರಿಕಕ್ಕೋ ಜರ್ಮನಿಗೋ ಓದಲು ಹೊರಟ ಹುಡುಗ, ಅವನ ಎರಡು ದೊಡ್ಡ ಪೆಟ್ಟಿಗೆ, ಸುತ್ತ ಏಳೆಂಟು ಮಂದಿ. ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದಿರುತ್ತಾರೆ. ತಂದೆ ಮೂರನೆಯ ಸಲ ಪಾಸ್‌ಪೋರ್ಟು ಎಲ್ಲಿದೆ ಎಂದು ಕೇಳುತ್ತಾರೆ. ತಾಯಿ ಮಾತನಾಡುವುದಿಲ್ಲ, ತಟ್ಟೆಯಲ್ಲಿರುವುದನ್ನು ಮಗನ ಕಡೆಗೆ ಸರಿಸುತ್ತಾ ಇರುತ್ತಾರೆ. ಅವನು ಫೋನಿನಲ್ಲಿ ಗೆಳೆಯರಿಗೆ ಉತ್ತರ ಕೊಡುತ್ತಾ ತಿನ್ನುತ್ತಾನೆ. ಹುಡುಗರೇ, ಆ ಹದಿನೈದು ನಿಮಿಷವಾದರೂ ಫೋನನ್ನು ಜೇಬಿಗೆ ಹಾಕಿ. ಗೆಳೆಯರು ಎಲ್ಲಿಗೂ ಓಡಿಹೋಗುವುದಿಲ್ಲ.

ಕಳೆದ ವರ್ಷ ಡಿಸೆಂಬರಿನಲ್ಲಿ ನಾನು ಅಲ್ಲಿ ಕುಳಿತಿದ್ದದ್ದು ಬೇರೆ ಕೆಲಸಕ್ಕೆ. ಮೂಡಿಗೆರೆ ತಾಲೂಕಿನ ನಮ್ಮ ಪ್ರೌಢಶಾಲೆಯ ಇಬ್ಬರು ಮಕ್ಕಳು ದೆಹಲಿಯಲ್ಲಿ ನಡೆಯುವ ವಿಜ್ಞಾನ ವಸ್ತುಪ್ರದರ್ಶನಕ್ಕೆ ಆಯ್ಕೆಯಾಗಿದ್ದರು. ಹತ್ತನೆಯ ತರಗತಿಯ ಹುಡುಗಿ ಒಬ್ಬಳು, ಒಂಬತ್ತನೆಯ ತರಗತಿಯ ಹುಡುಗ ಒಬ್ಬ. ಜೊತೆಗೆ ನಾನು ಮತ್ತು ನಮ್ಮ ಹಿಂದಿ ಟೀಚರು. ಮಕ್ಕಳ ಪ್ರಯೋಗ ನಮ್ಮ ಕಡೆಯದೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು ಹುಳಿಯಾಗಿ ಹಳ್ಳಕ್ಕೆ ಸೇರಿದರೆ ಮೀನು ಉಳಿಯುವುದಿಲ್ಲ. ಆ ನೀರಿನ ಹುಳಿಯನ್ನು ಸುಣ್ಣದಿಂದ ಇಳಿಸಿ, ಮರಳು ಮತ್ತು ಇದ್ದಿಲಿನ ಪದರದಲ್ಲಿ ಸೋಸಿ ಹೊರಬಿಡುವ ಒಂದು ಸಣ್ಣ ಮಾದರಿ. ಹುಡುಗಿಯ ತಂದೆ ತೋಟವೊಂದರಲ್ಲಿ ಕೂಲಿ ಕೆಲಸ ಮಾಡುವವರು. ಡಿಸೆಂಬರು ಅರೇಬಿಕಾ ಹಣ್ಣು ಕೊಯ್ಯುವ ಕಾಲ. ಒಂದು ದಿನ ತಪ್ಪಿದರೂ ಆ ದಿನದ ಸಂಪಾದನೆ ಹೋಯಿತು. ಆದರೂ ಅವರು ಎರಡು ದಿನ ಬಿಟ್ಟು ರಾತ್ರಿ ಬಸ್ಸಿನಲ್ಲಿ ನಮ್ಮ ಜೊತೆ ಬಂದಿದ್ದರು. "ವಿಮಾನ ಹತ್ತೋದನ್ನ ನೋಡಿ ಬರ್ತೀನಿ ಸಾರ್" ಎಂಬುದು ಅವರ ಮಾತು. ಬಾಗಿಲಿನಿಂದ ಆಚೆಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅದಕ್ಕೂ ಅವರು ಒಪ್ಪಿದ್ದರು.

ಬೆಳಗಿನ ಆರೂವರೆ ಗಂಟೆ. ಚಳಿ ಇತ್ತು. ಕಾಫಿ ಅಂಗಡಿಯ ಮುಂದೆ ನಿಂತು ಅವರು ಬೆಲೆಯ ಫಲಕವನ್ನು ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇದೇನ್ ಸಾರ್, ಲೋಟಕ್ಕಾ, ಕೆ.ಜಿ.ಗಾ?" ಎಂದರು. ಅಂಗಡಿಯ ಹುಡುಗಿಗೂ ನಗು ತಡೆಯಲಾಗಲಿಲ್ಲ. ನಮ್ಮೂರಿನ ಹೋಟೆಲಿನಲ್ಲಿ ಐದಾರು ಲೋಟ ಕುಡಿಯುವ ದುಡ್ಡು ಅದು. "ನಂಗೆ ಬ್ಯಾಡ ಸಾರ್, ಮನೇಲಿ ಕುಡ್ಕೊಂಡೇ ಬಂದಿದೀನಿ" ಎಂದು ಹಿಂದೆ ಸರಿದರು. ಮನೆ ಬಿಟ್ಟು ಒಂಬತ್ತು ಗಂಟೆಯಾಗಿತ್ತು.

ಬೆಂಗಳೂರಿನ ಹೋಟೆಲುಗಳಲ್ಲಿ ಬೈಟು ಎಂಬ ಒಳ್ಳೆಯ ಪದ್ಧತಿ ಇದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುವುದು. ಇಲ್ಲೂ ಕೇಳಿ ನೋಡಿದೆ. ಹಾಗೆ ಬಿಲ್ಲು ಹಾಕಲು ಬರುವುದಿಲ್ಲ, ಖಾಲಿ ಲೋಟ ಬೇಕಾದರೆ ಕೊಡುತ್ತೇನೆ ಎಂದಳು ಆ ಹುಡುಗಿ. ಮೂರು ಕಾಫಿ ಐದು ಲೋಟವಾಯಿತು. ನಾಲ್ಕು ತುಂಡು ಮೈಸೂರು ಪಾಕು ತೆಗೆದುಕೊಂಡೆವು. ಹಿಂದಿ ಟೀಚರಿಗೆ ಸಿಹಿ ನಿಷಿದ್ಧ, ಸಕ್ಕರೆ ಕಾಯಿಲೆ.

ಮೊದಲ ಗುಟುಕಿಗೇ ಹುಡುಗಿಯ ತಂದೆ ತೀರ್ಪು ಕೊಟ್ಟರು. "ಚಿಕೋರಿ ಜಾಸ್ತಿ." ಅವರ ಮನೆಯಲ್ಲಿ ಕುಡಿಯುವುದು ಬೆಲ್ಲದ ಕಾಫಿ, ಹಾಲಿಲ್ಲದ್ದು. ಆ ನಾಲಿಗೆಗೆ ಚಿಕೋರಿ ತಕ್ಷಣ ಗೊತ್ತಾಗುತ್ತದೆ. ಚಿಕೋರಿ ಕಾಫಿಯೇ ಅಲ್ಲ, ಬೇರೊಂದು ಗಿಡದ ಬೇರು. ಹುರಿದು ಪುಡಿ ಮಾಡಿ ಸೇರಿಸಿದರೆ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿಯುತ್ತದೆ. ಅದರಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಕೂಡದು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಅಚ್ಚು ಮಾಡಿರಬೇಕು. ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಪುಡಿ ಕಟ್ಟಿಕೊಡುವ ತಾಯಂದಿರು ಆ ಸಣ್ಣ ಅಕ್ಷರವನ್ನು ಓದುವುದು ಒಳ್ಳೆಯದು. ಪರೀಕ್ಷೆಯ ರಾತ್ರಿ ಎಚ್ಚರವಿರಲು ಕುಡಿದದ್ದರಲ್ಲಿ ಅರ್ಧ ಬೇರಿನ ಕಷಾಯವೇ ಇದ್ದರೆ ನಿದ್ದೆ ಬಂದದ್ದು ಮಗುವಿನ ತಪ್ಪಲ್ಲ.

"ಒಂದ್ ಲೋಟಕ್ಕೆ ಎಷ್ಟ್ ಹಣ್ಣು ಬೇಕಾಗಬಹುದು ಸಾರ್?" ಎಂದು ಅವರು ಕೇಳಿದರು. ನಾನು ಪ್ರಶ್ನೆಯನ್ನು ಮಕ್ಕಳ ಕಡೆ ತಿರುಗಿಸಿದೆ. ಪೇಪರಿನ ಕೈವಸ್ತ್ರದ ಮೇಲೆ ಲೆಕ್ಕ ಶುರುವಾಯಿತು. ಒಂದು ಲೋಟ ಫಿಲ್ಟರ್ ಕಾಫಿಗೆ ಸುಮಾರು 10 ಗ್ರಾಂ ಪುಡಿ ಎಂದುಕೊಳ್ಳೋಣ. ಅದರಲ್ಲಿ 3 ಗ್ರಾಂ ಚಿಕೋರಿ ತೆಗೆದರೆ ಉಳಿದದ್ದು 7 ಗ್ರಾಂ ಕಾಫಿ. ಹುರಿಯುವಾಗ ಬೀಜ ತನ್ನ ತೂಕದ ಆರನೆಯ ಒಂದು ಪಾಲನ್ನಾದರೂ ಕಳೆದುಕೊಳ್ಳುತ್ತದೆ. ಹಾಗಾದರೆ ಹಸಿ ಬೀಜ ಎಂಟೂವರೆ ಗ್ರಾಂ ಹತ್ತಿರ. ಆರು ಕೆ.ಜಿ. ಹಣ್ಣಿಗೆ ಸುಮಾರು ಒಂದು ಕೆ.ಜಿ. ಬೀಜ ಸಿಗುತ್ತದೆಂಬುದು ತೋಟದವರೆಲ್ಲ ಬಲ್ಲ ಲೆಕ್ಕ. ಅಲ್ಲಿಗೆ 50 ಗ್ರಾಂ ಹಣ್ಣು. ಹಣ್ಣೊಂದು ಒಂದೂವರೆ ಗ್ರಾಂ ತೂಗಿದರೆ ಮೂವತ್ತಮೂರು ಹಣ್ಣು. ತಂದೆ ಬಲಗೈಯನ್ನು ಬಿಡಿಸಿ ಅಂಗೈ ನೋಡಿಕೊಂಡರು. "ಅಷ್ಟೇನಾ? ಒಂದ್ ಹಿಡಿ."

ಹುಡುಗಿ ಅಲ್ಲಿಗೆ ನಿಲ್ಲಿಸಲಿಲ್ಲ. ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಸಿಗುವ ಕೂಲಿ ಅವಳಿಗೆ ಬಾಯಿಪಾಠ. ರಜೆಯಲ್ಲಿ ಅವ್ವನ ಜೊತೆ ಅವಳೂ ಹೋಗುತ್ತಾಳೆ. 50 ಗ್ರಾಮಿಗೆ ಎಷ್ಟಾಯಿತೆಂದು ಭಾಗಿಸಿದಳು. ಬಂದ ಉತ್ತರ ಪೈಸೆಗಳಲ್ಲಿತ್ತು, ರೂಪಾಯಿ ಮುಟ್ಟಲಿಲ್ಲ. ಒಂದು ಸಲ ಫಲಕವನ್ನು ನೋಡಿದಳು, ಒಂದು ಸಲ ಕೈವಸ್ತ್ರವನ್ನು. ಏನೂ ಹೇಳಲಿಲ್ಲ, ಅದನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡಳು.

ನ್ಯಾಯವಾಗಿ ಹೇಳಬೇಕಾದರೆ, ಹಿಡಿ ಹಣ್ಣಿನಿಂದ ಲೋಟದವರೆಗೆ ದಾರಿ ಉದ್ದವಾದದ್ದೇ. ತೋಟದ ಮಾಲೀಕನ ಗೊಬ್ಬರ, ನೀರು, ಹುರಿಯುವವನ ಯಂತ್ರ, ಹಾಲು, ಸಕ್ಕರೆ, ರಾತ್ರಿಯೆಲ್ಲ ನಿಂತು ಕೆಲಸ ಮಾಡುವ ಅಂಗಡಿಯ ಹುಡುಗಿಯ ಸಂಬಳ, ಎಲ್ಲಕ್ಕಿಂತ ಮಿಗಿಲಾಗಿ ಆ ಜಾಗದ ಬಾಡಿಗೆ. ಬೆಲೆ ಏಕೆ ಹೆಚ್ಚು ಎಂಬುದು ಅರ್ಥವಾಗುತ್ತದೆ. ಆದರೆ ಮೊದಲ ಸಲ ವಿಮಾನ ಹತ್ತುವ ಮನೆಯವರು ಒಂದು ಲೋಟ ಕಾಫಿಗೆ ಹಿಂದೆ ಮುಂದೆ ನೋಡುವಂತಾದರೆ ಅದು ಸರಿ ಎಂದು ನನಗನ್ನಿಸುವುದಿಲ್ಲ. ಬೇರೆ ದಾರಿ ಇಲ್ಲವೆಂದೇನಲ್ಲ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತದ ವಿಮಾನ ನಿಲ್ದಾಣದಲ್ಲಿ 'ಉಡಾನ್ ಯಾತ್ರಿ ಕೆಫೆ' ಎಂಬ ಅಗ್ಗದ ಅಂಗಡಿಯೊಂದನ್ನು ತೆರೆದರು. ಆರಂಭದಲ್ಲಿ ಅಲ್ಲಿ ಚಹಾಕ್ಕೆ 10 ರೂಪಾಯಿ, ಕಾಫಿಗೆ 20, ದಿನಕ್ಕೊಂದು ಸಿಹಿ ಇಟ್ಟು ಅದಕ್ಕೂ 20. ದಿನಕ್ಕೊಂದು ಸಿಹಿ ಎಂಬ ಯೋಚನೆ ಯಾರದೋ, ಅವರಿಗೆ ನನ್ನ ನಮಸ್ಕಾರ. ಹುಬ್ಬಳ್ಳಿಯಲ್ಲಿ ಧಾರವಾಡ ಪೇಡೆ, ಬೆಳಗಾವಿಯ ಸಾಂಬ್ರಾದಲ್ಲಿ ಕುಂದಾ, ದೇವನಹಳ್ಳಿಯಲ್ಲಿ ಮೈಸೂರು ಪಾಕು ಹೀಗೆ ಕೈಗೆಟುಕುವ ಬೆಲೆಗೆ ಸಿಕ್ಕರೆ ಎಷ್ಟು ಚೆನ್ನ.

ಕಾಫಿ ನಮ್ಮ ಬೆಟ್ಟಕ್ಕೆ ಬಂದ ಕಥೆ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಇಂದು ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಷ್ಟು ಹಳೆಯದು. ದೇಶವಿದೇಶಗಳಿಗೆ ಹೊರಡುವ ಬಾಗಿಲಲ್ಲಿ ಈ ಕಾಫಿಯನ್ನು ಕುಡಿಯುವುದೆಂದರೆ ಹೊರದೇಶದಿಂದ ಬಂದು ನಮ್ಮದಾದ ಒಂದು ಗಿಡದ ಲೆಕ್ಕ ಹಿಡಿದಂತೆ. ಒಂದೇ ಕೊರಗು, ಪೇಪರಿನ ಲೋಟ. ಸ್ಟೀಲಿನ ಲೋಟ ಬಟ್ಟಲಿನಲ್ಲಿ ಎತ್ತಿ ಹೊಯ್ದರೆ ಕಾಫಿ ಗಾಳಿಗೆ ಅಗಲವಾಗಿ ಒಡ್ಡಿಕೊಂಡು ಆವಿಯಾಗುತ್ತಾ ಬೇಗ ಹದಕ್ಕೆ ಬರುತ್ತದೆ, ಮೇಲೆ ನೊರೆಯೂ ಕಟ್ಟುತ್ತದೆ. ಪೇಪರಿನ ಲೋಟಕ್ಕೆ ಮುಚ್ಚಳ ಬೇರೆ. ವಾಸನೆ ಮೂಗಿಗೆ ಬರುವುದೇ ಇಲ್ಲ. ಮುಚ್ಚಳ ತೆಗೆದು ಕುಡಿಯಿರಿ.

ಇನ್ನು ಮೈಸೂರು ಪಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂದು ಮೈಸೂರಿನವರು ಹೇಳುತ್ತಾರೆ. ಮಾದಪ್ಪನವರ ವಂಶದವರ ಸಿಹಿ ಅಂಗಡಿ ಈಗಲೂ ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿ ಇದೆ. ಕಡಲೆ ಹಿಟ್ಟು, ಸಕ್ಕರೆ, ತುಪ್ಪ, ಬೇರೇನೂ ಇಲ್ಲ. ಈಗ ಬಾಯಲ್ಲಿಟ್ಟರೆ ಮೇಣದಂತೆ ಕರಗುವ ಮೆತ್ತನೆಯ ಮೈಸೂರು ಪಾಕಿಗೇ ಗಿರಾಕಿ ಹೆಚ್ಚು. ನನ್ನ ಮತ ಮಾತ್ರ ಹಳೆಯ ಗಟ್ಟಿ ಜಾತಿಗೆ, ಮುರಿದರೆ ಜೇನುಗೂಡಿನಂತೆ ತೂತು ಕಾಣುವುದಕ್ಕೆ. ಅದರಲ್ಲಿ ಒಂದು ಇಡೀ ಪಾಠವಿದೆ.

ಸಕ್ಕರೆ ಪಾಕ ಎಳೆ ಬರುವ ಹದಕ್ಕೆ ಬಂದಾಗ ಅದರ ಉಷ್ಣತೆ 100 ಡಿಗ್ರಿ ದಾಟಿರುತ್ತದೆ. ಹಿಟ್ಟು ಬೆರೆಸಿ ಅದರ ಮೇಲೆ ಕಾದ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತಾ ಹೋದರೆ ಉಳಿದ ನೀರು ತಟ್ಟನೆ ಹಬೆಯಾಗಿ ನುಗ್ಗಿ ಹೊರಬರುತ್ತದೆ. ಆ ಹಬೆ ಹೋದ ದಾರಿಗಳೇ ತೂತುಗಳು. ತಟ್ಟೆಗೆ ಸುರಿದ ಮೇಲೆ ಅಂಚು ಬೇಗ ಆರುತ್ತದೆ, ನಡುಭಾಗ ಬಿಸಿಯಾಗಿಯೇ ಉಳಿದು ಇನ್ನಷ್ಟು ಹೊತ್ತು ಬೇಯುತ್ತದೆ. ಒಳ್ಳೆಯ ಮೈಸೂರು ಪಾಕಿನ ಹೊಟ್ಟೆಯಲ್ಲಿ ಕಂದು ಬಣ್ಣದ ಪಟ್ಟಿ ಕಾಣುವುದು ಅದಕ್ಕೇ. ಅಂಗಡಿಯಲ್ಲಿ ಕೊಳ್ಳುವಾಗ ಈ ಪಟ್ಟಿಯನ್ನು ನೋಡಿ ಕೊಳ್ಳಿ. ತುಪ್ಪ ನಮ್ಮ ಮೈಯ ಶಾಖಕ್ಕೆ ಬಹುಮಟ್ಟಿಗೆ ಕರಗಿಬಿಡುತ್ತದೆ, ಹವಾನಿಯಂತ್ರಿತ ಹಜಾರದಲ್ಲಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಗಾಜಿನ ಪೆಟ್ಟಿಗೆಯಿಂದ ತೆಗೆದ ತುಂಡನ್ನು ಕಚ್ಚಿದ ಕೂಡಲೇ ನುಂಗಬಾರದು. ನಾಲಿಗೆಯ ಮೇಲೆ ಒಂದು ಕ್ಷಣ ಬಿಟ್ಟು, ಆಮೇಲೆ ಬಿಸಿ ಕಾಫಿಯ ಗುಟುಕು. ಸಕ್ಕರೆ ಇಲ್ಲದ ಕಾಫಿಯಾದರೆ ಇನ್ನೂ ಮೇಲು.

ಹುಡುಗಿಯ ತಂದೆ ತಮ್ಮ ಪಾಲಿನ ತುಂಡನ್ನು ತಿನ್ನಲಿಲ್ಲ. ಮೂಸಿ ನೋಡಿ, "ತುಪ್ಪ ಚೆನ್ನಾಗಿದೆ" ಎಂದು ಹೇಳಿ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟರು. ಮನೆಯಲ್ಲಿ ಚಿಕ್ಕ ಮಗನಿದ್ದಾನೆ. ಹುಡುಗಿ ತನ್ನ ತುಂಡನ್ನು ಎರಡು ಮಾಡಿ ಅರ್ಧವನ್ನು ಅವರ ಬಾಯಿಗೇ ಹಿಡಿದಳು. "ಏ ಪುಟ್ಟಿ, ಎಲ್ರೂ ನೋಡ್ತಾರೆ" ಎಂದರು, ತಿಂದರು.

ಬಾಗಿಲಲ್ಲಿ ಅವರು ಹೆಚ್ಚು ಮಾತನಾಡಲಿಲ್ಲ. ನಮ್ಮ ಹಿಂದಿ ಟೀಚರಿಗೆ ಕೈಮುಗಿದರು. "ನೋಡ್ಕಳಿ ಸಾರ್" ಎಂದು ನನಗೆ ಹೇಳಿದರು. ಒಳಗೆ ಚೀಲ ತಪಾಸಣೆಯ ಸಾಲಿನಲ್ಲಿ ನಿಂತು ತಿರುಗಿ ನೋಡಿದಾಗ ಗಾಜಿನ ಆಚೆ ಇನ್ನೂ ನಿಂತಿದ್ದರು.

ತಪಾಸಣೆಯ ಬಗ್ಗೆ ತಂದೆ ತಾಯಂದಿರಿಗೆ ಎರಡು ಮಾತು. ಗಟ್ಟಿಯಾದ ಸಿಹಿಗೆ ತೊಂದರೆಯಿಲ್ಲ. ದ್ರವದ ವಿಷಯ ಬೇರೆ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕಗಳ ಸಂಚು ಬಯಲಾದ ಮೇಲೆ ವಿದೇಶ ಪ್ರಯಾಣದಲ್ಲಿ ಕೈಚೀಲದ ದ್ರವಗಳಿಗೆ ಪಾತ್ರೆಯೊಂದಕ್ಕೆ 100 ಮಿಲಿಲೀಟರಿನ ಮಿತಿ ಬಂತು. ತುಪ್ಪ, ಉಪ್ಪಿನಕಾಯಿ, ರಸಗುಲ್ಲದ ಪಾಕ ಎಲ್ಲವೂ ಈ ಲೆಕ್ಕಕ್ಕೆ ಬರಬಹುದು. ತಿಪಟೂರಿನ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಎಣ್ಣೆ ಅಷ್ಟು ಹೆಚ್ಚು. ಪ್ರೀತಿಯಿಂದ ಪೆಟ್ಟಿಗೆಯ ತಳಕ್ಕೆ ಸೇರಿಸಿದ ಕೊಬ್ಬರಿ ಗಿಟಕನ್ನು ನಿಲ್ದಾಣದವರು ತೆಗೆಸಿದರೆ ಅವರನ್ನು ಬೈಯಬೇಡಿ. ದೂರ ಹೋಗುವ ಮಕ್ಕಳಿಗೆ ಕಟ್ಟಿಕೊಡಲು ಮೈಸೂರು ಪಾಕು ಒಳ್ಳೆಯದು. ನೀರಿನ ಅಂಶ ತೀರ ಕಡಿಮೆ, ಸಕ್ಕರೆ ತುಪ್ಪವೇ ಎಲ್ಲ, ಹಾಗಾಗಿ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಅವಕಾಶವಿಲ್ಲ. ಕುಂದಾದಂಥ ಹಾಲಿನ ಸಿಹಿಗಳು ಹೆಚ್ಚು ದಿನ ತಾಳುವುದಿಲ್ಲ.

ಇಷ್ಟು ಹೇಳಿಯೂ, ಒಂದು ತುಂಡನ್ನಾದರೂ ನೆಲದ ಮೇಲೇ ತಿನ್ನಿ ಎನ್ನುತ್ತೇನೆ. ಕಾರಣ ಹೇಳುತ್ತೇನೆಂದಿದ್ದೆನಲ್ಲ, ಅದು ಈಗ. ವಿಮಾನ ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಲು ಬಿಡುತ್ತಾರೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಆ ಗಾಳಿ ಒಣ ಬೇರೆ, ತೇವಾಂಶ ಎಷ್ಟೋ ಸಲ ನೂರಕ್ಕೆ 20ಕ್ಕಿಂತ ಕೆಳಗೆ. ಮೂಗು ಒಣಗುತ್ತದೆ. ರುಚಿಯ ಬಹುಪಾಲನ್ನು ನಾವು ತಿಳಿಯುವುದು ಮೂಗಿನಿಂದ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ವಿಮಾನದ ಒಡಲನ್ನೇ ಕಡಿಮೆ ಒತ್ತಡದ ಕೋಣೆಯೊಳಗೆ ಇಟ್ಟು, ಜನರನ್ನು ಕೂರಿಸಿ ಪರೀಕ್ಷಿಸಿದ್ದಾರೆ. 2010ರಲ್ಲಿ ಹೊರಬಂದ ಫಲಿತಾಂಶದಂತೆ ಉಪ್ಪಿನ ರುಚಿ ನೂರಕ್ಕೆ 20ರಿಂದ 30ರಷ್ಟು, ಸಿಹಿಯ ರುಚಿ 15ರಿಂದ 20ರಷ್ಟು ಮಂದವಾಗಿ ತೋರುತ್ತದೆ. ಎಂಜಿನ್ನಿನ ಸದ್ದೂ ಸೇರುತ್ತದೆ. ವಿಮಾನದೊಳಗಿನಂಥ ಗದ್ದಲ ಸಿಹಿಯನ್ನು ಕುಗ್ಗಿಸುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿಕೊಟ್ಟರು. ಕಾಫಿಯ ಪಾಡೂ ಅಷ್ಟೇ. ದೇವನಹಳ್ಳಿಯ ನಿಲ್ದಾಣ ಸಮುದ್ರ ಮಟ್ಟಕ್ಕಿಂತ 915 ಮೀಟರ್ ಮೇಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಡಿಕಾಕ್ಷನ್ನಿಗೆ ಹೇಳಿ ಮಾಡಿಸಿದ ಬಿಸಿ. 2,400 ಮೀಟರಿನ ಒತ್ತಡದಲ್ಲಿ ಅದು 92ಕ್ಕೇ ಕುದಿದುಬಿಡುತ್ತದೆ.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಬೇಕಾಗಿ ಬರಲಿಲ್ಲ. ಹುಡುಗನ ತಾಯಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೈಸೂರು ಪಾಕು ಕೊಟ್ಟಿದ್ದರು. ಮೇಲೇರಿದ ಮೇಲೆ ಮುಚ್ಚಳ ಹೊಟ್ಟೆಯುಬ್ಬಿಸಿಕೊಂಡಿತ್ತು. ಅಂಚು ಎತ್ತಿದ ಕೂಡಲೇ ಟಪ್ಪೆಂದು ಹಾರಿತು. ಡಬ್ಬಿಯೊಳಗೆ ನೆಲದ ಒತ್ತಡದ ಗಾಳಿ, ಹೊರಗೆ ಅದಕ್ಕಿಂತ ಆರನೆಯ ಒಂದು ಪಾಲಿನಷ್ಟು ಕಡಿಮೆ. ಹತ್ತು ಸೆಂಟಿಮೀಟರ್ ಉದ್ದಗಲದ ಮುಚ್ಚಳದ ಮೇಲೆ ಇದು ಒಳಗಿನಿಂದ ಹದಿನೈದು ಹದಿನಾರು ಕಿಲೋಗ್ರಾಂ ಭಾರ ತಳ್ಳಿದಷ್ಟು. ಒಂದೊಂದು ತುಂಡು ತಿಂದರು. "ಕೆಳಗಡೆದು ಇದಕ್ಕಿಂತ ಸಿಹಿ ಇತ್ತು ಸಾರ್" ಎಂದ ಹುಡುಗ. ಹುಡುಗಿ ಒಪ್ಪಲಿಲ್ಲ. ಅಂಗಡಿ ಬೇರೆ, ಮಾಡಿದವರು ಬೇರೆ, ಹೋಲಿಸುವುದು ಹೇಗೆ ಎಂದಳು. ಅವಳ ವಾದ ಸರಿಯಾದದ್ದು. ಹೋಲಿಕೆ ಮಾಡಬೇಕಾದರೆ ಒಂದೇ ಡಬ್ಬಿಯದನ್ನು ಎರಡು ಕಡೆಯೂ ತಿನ್ನಬೇಕು. ಹಾಗಾಗಿ ಮುಚ್ಚಳ ಒತ್ತಿ ಮುಚ್ಚಿ, ಉಳಿದದ್ದನ್ನು ದೆಹಲಿಗೆ ಇಟ್ಟುಕೊಂಡರು.

ದೆಹಲಿಯ ವಸತಿಗೃಹದಲ್ಲಿ ಅದೇ ಮುಚ್ಚಳ ಒಳಕ್ಕೆ ಕುಸಿದು ಬಿಗಿದುಕೊಂಡಿತ್ತು. ಚಮಚದ ತುದಿ ಹಾಕಿ ಎಬ್ಬಿಸಬೇಕಾಯಿತು. ಅಷ್ಟರಲ್ಲಿ ಪಕ್ಕದ ಕೋಣೆಗಳ ಮಕ್ಕಳು ಸೇರಿದ್ದರು. ಗುಜರಾತಿನ ಹುಡುಗನೊಬ್ಬ ಒಂದು ತುಂಡು ಬಾಯಿಗಿಟ್ಟು, ಇದು ನಮ್ಮ ಮೋಹನಥಾಳದ ತಮ್ಮನಂತಿದೆ, ಆದರೆ ಈ ತೂತುಗಳೇಕೆ ಎಂದ. ಹುಡುಗಿ ತನಗೆ ಬರುವ ಹಿಂದಿಯಲ್ಲಿ ನೀರು, ಹಬೆ, ತುಪ್ಪ ಎಂದು ವಿವರಿಸಿದಳು. ಪಂಜಾಬಿನ ಹುಡುಗಿಯೊಬ್ಬಳು ಬಿಡಲಿಲ್ಲ. ಹಬೆ ಹೊರಗೆ ಹೋದ ಮೇಲೆ ತೂತು ಮುಚ್ಚಿಕೊಳ್ಳಬೇಕಿತ್ತಲ್ಲ, ಏಕೆ ಮುಚ್ಚಲಿಲ್ಲ ಎಂದಳು.

ನಮ್ಮವಳು ಒಂದು ನಿಮಿಷ ಸುಮ್ಮನಿದ್ದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, "ಸಕ್ಕರೆ ಗಟ್ಟಿಯಾಗೋದು ಮೊದ್ಲಾ, ಹಬೆ ಹೋಗೋದು ಮೊದ್ಲಾ ಸಾರ್?" ಇನ್ನೊಂದು ತುಂಡು ಮುರಿದು ನೋಡಿ ಹೇಳೋಣವೆಂದು ಡಬ್ಬಿಗೆ ಕೈ ಹಾಕಿದರೆ ಅದು ಖಾಲಿಯಾಗಿತ್ತು.